ಆಮೆ ತೊಟ್ಟಿಗೆ ಮಿಸ್ ಕೇರಳ ಮೀನು ಬಿಡಬಹುದಾ? ನೀರು ಎಷ್ಟು ಡಿಗ್ರಿ?

ಪ್ರಶ್ನೆ: ನಾನಿರುವುದು ಬೆಂಗಳೂರು. ನಾಲ್ಕಡಿ ತೊಟ್ಟಿಯಲ್ಲಿ ಅಂಗೈ ಅಗಲದ ರೆಡ್ ಇಯರ್ಡ್ ಸ್ಲೈಡರ್ ಆಮೆ ಇದೆ. ಜೊತೆಗೆ ನಮ್ಮ ಪಶ್ಚಿಮ ಘಟ್ಟದ ಮಿಸ್ ಕೇರಳ ಆರು ಬಿಡುವ ಆಸೆ. ಡಿಸೆಂಬರ್‌ನಲ್ಲಿ ನೀರು 20 ಡಿಗ್ರಿಗೆ ಇಳಿದಾಗ ಆಮೆ ಊಟ ಬಿಟ್ಟು ಮಂಕಾಗಿತ್ತು. ಹೀಟರ್ ಹಾಕಲಾ?

ಉತ್ತರ: ಹಾಕಿ. ಬೆಳೆದ ಸ್ಲೈಡರ್‌ಗೆ 24-26 ಸಾಕು. ಮರಿಯಾಗಿದ್ದರೆ ಇನ್ನೂ ಸ್ವಲ್ಪ ಜಾಸ್ತಿ. ಮಿಸ್ ಕೇರಳ ಹರಿಯುವ ತಂಪು ಹೊಳೆಯ ಮೀನು, ಅಲ್ವಾ? ಬೆಚ್ಚಗಾದಷ್ಟೂ ನೀರಿನಲ್ಲಿ ಆಮ್ಲಜನಕ ಕಡಿಮೆ. ಎರಡಕ್ಕೂ ಹೊಂದಬೇಕಾದರೆ 24. ಗಾಜಿನ ಹೀಟರಿಗೆ ಕವಚ ಮರೆಯಬೇಡಿ. ನನ್ನ ಆಮೆ ಒಂದು ಹೀಟರನ್ನು ಗುದ್ದಿಯೇ ಒಡೆಯಿತು.

ಇನ್ನೊಬ್ಬರು: ಡಿಗ್ರಿ ಲೆಕ್ಕ ಸರಿ. ಆದರೆ ಆಮೆ ಜೊತೆ ಬಿಟ್ಟ ನನ್ನ ಆರು ಮೀನಿನಲ್ಲಿ ಒಂದು ತಿಂಗಳಿಗೆ ಎರಡೇ ಉಳಿದವು. ಅಳಿವಿನಂಚಿನ ಮೀನನ್ನು ಸುಮ್ನೆ ಆಮೆಗೆ ಬಡಿಸಬೇಡಿ.

ಕೇಳಿದವರು: ಸರಿ ಸಾರ್, ಹೀಟರ್ ಮಾತ್ರ ತರುತ್ತೇನೆ.