ಕಾಂಪೌಂಡ್ ಬಿಲ್ಲು ಬಿಟ್ಟು ಕ್ರಾಸ್‌ಬೋ (ಬಂದೂಕಿನ ಹಾಗೆ ಹಿಡಿದು ಹೊಡೆಯೋ ಅಡ್ಡಬಿಲ್ಲು) ಹಿಡಿದರೆ ಏನೇನು ಬದಲಾಗುತ್ತೆ?

ಪ್ರಶ್ನೆ: ಒಹಾಯೋದಲ್ಲಿ ಜಿಂಕೆ ಬೇಟೆಗೆ. ಭುಜದ ತೊಂದರೆ, 60 ಪೌಂಡಿನ ಕಾಂಪೌಂಡ್ ಎಳೆಯೋಕಾಗ್ತಿಲ್ಲ. 400 ಎಫ್‌ಪಿಎಸ್ (ಸೆಕೆಂಡಿಗೆ 400 ಅಡಿ) ಕ್ರಾಸ್‌ಬೋ ತಗೊಂಡ್ರೆ 60 ಗಜಕ್ಕೆ ಹೊಡೀಬಹುದಾ?

ಉತ್ತರ 1: ಟಾರ್ಗೆಟ್‌ಗೆ ಹೊಡೀರಿ, ಜಿಂಕೆಗೆ ಬೇಡ. ಶಬ್ದ ಸೆಕೆಂಡಿಗೆ ಸುಮಾರು 1,100 ಅಡಿ ಹೋಗುತ್ತೆ. 40 ಗಜದಲ್ಲೇ ಬೋಲ್ಟ್ (ಕ್ರಾಸ್‌ಬೋ ಬಾಣ) ಮುಟ್ಟೋಕೆ 0.3 ಸೆಕೆಂಡು ಬೇಕು, ಸದ್ದು 0.1ಕ್ಕೇ ತಲುಪಿರುತ್ತೆ. ಅಷ್ಟರಲ್ಲಿ ಜಿಂಕೆ ಬೆದರಿ ಮೈ ತಗ್ಗಿಸಿ ಓಡೋಕೆ ಶುರು, ಪೆಟ್ಟು ಬೆನ್ನಿನ ಮೇಲೆ. ಕ್ರಾಸ್‌ಬೋ ಸದ್ದೂ ಕಾಂಪೌಂಡಿಗಿಂತ ಜಾಸ್ತಿ. 30–40 ಗಜ ಸಾಕು.

ಉತ್ತರ 2: ಹಗ್ಗದ ಕಾಕರ್ (ದಾರ ಹಿಂದಕ್ಕೆಳೆದು ಸಿಕ್ಕಿಸೋ ಸಾಧನ) ಹಾಕಿದ್ರೆ ಎಳೆತ ಹೆಚ್ಚುಕಮ್ಮಿ ಅರ್ಧ. ಭುಜ ತೀರಾ ಕೆಟ್ಟಿದ್ರೆ ಕ್ರ್ಯಾಂಕ್ (ತಿರುಗಿಸಿ ದಾರ ಎಳೆಯೋ ಹಿಡಿ) ಇರೋದೇ ತಗೊಳ್ಳಿ. ದಾರ ನಡುಮಧ್ಯ ಕೂರಬೇಕು, ಒಂದು ಕಡೆ ಚೂರು ಜಾರಿದ್ರೂ ಗುರಿ ಪಕ್ಕಕ್ಕೆ. ಬೋಲ್ಟ್ 400 ಗ್ರೇನ್‌ಗಿಂತ (ಸುಮಾರು 26 ಗ್ರಾಂ) ಹಗುರ ಬೇಡ. ನಾಕ್ (ದಾರ ತಾಗೋ ಬೋಲ್ಟಿನ ಹಿಂತುದಿ) ಮಾತ್ರ ಮ್ಯಾನ್ಯುಯಲ್‌ನಲ್ಲಿ ಹೇಳಿದ್ದೇ ಇರಲಿ. ತಪ್ಪು ನಾಕ್ ಆದ್ರೆ ದಾರ ಅದರ ಮೇಲೆ ಹಾರಿ ಡ್ರೈ ಫೈರ್ (ಬೋಲ್ಟ್ ತಳ್ಳದೆ ಖಾಲಿ ಹೊಡೆತ), ಲಿಂಬ್ (ಬಿಲ್ಲಿನ ತೋಳು) ಸೀಳುತ್ತೆ.

ಉತ್ತರ 3: ಹೊಡೆಯುವಾಗ ಹೆಬ್ಬೆರಳು ರೈಲ್‌ಗಿಂತ (ದಾರ ಓಡೋ ಹಳಿ) ಕೆಳಗಿರಲಿ! ಮರದ ಮೇಲಿನ ಸ್ಟ್ಯಾಂಡಿಗೆ ಕ್ರಾಸ್‌ಬೋದಲ್ಲಿ ಬೋಲ್ಟ್ ಹಾಕಿಕೊಂಡು ಹತ್ತಬೇಡಿ, ಬೋಲ್ಟ್ ತೆಗೆದ ಕ್ರಾಸ್‌ಬೋವನ್ನ ಹಗ್ಗ ಕಟ್ಟಿ ಮೇಲೆಳೆದುಕೊಳ್ಳಿ. ಲಿಂಬ್‌ಗೆ ರೆಂಬೆ, ಕಂಬಿ ತಾಗದಷ್ಟು ಜಾಗ ನೋಡಿಕೊಳ್ಳಿ. ಸಂಜೆ ಕಾಂಪೌಂಡಿನ ಹಾಗೆ ದಾರ ಮೆಲ್ಲಗೆ ಬಿಡೋಕಾಗಲ್ಲ. ಡಿ-ಕಾಕಿಂಗ್ (ಎಳೆದ ದಾರ ಹೊಡೆಯದೇ ಸಡಿಲಿಸೋ) ಸೌಲಭ್ಯ ಇಲ್ಲದಿದ್ರೆ ಹಳೇ ಬೋಲ್ಟನ್ನ ಟಾರ್ಗೆಟ್‌ಗೆ ಹೊಡೆದು ಖಾಲಿ ಮಾಡಿ.