ಗೌಟ್ (ಯೂರಿಕ್ ಆ್ಯಸಿಡ್ ಕೀಲಿನಲ್ಲಿ ಹರಳುಗಟ್ಟಿ ಬರುವ ಊತ) ನೋವಿಗೆ ತುರ್ತು ಚಿಕಿತ್ಸೆಯಾದ ಮೇಲೆ ಮುಂದೇನು? ದಾವಣಗೆರೆ ಆರೋಗ್ಯ ಬಳಗದ ಪ್ರಶ್ನೋತ್ತರ

ಹರಿಹರದ ಸದಸ್ಯರು: ಮೇಡಂ, ನಮ್ಮ ತಂದೆಯವರಿಗೆ 62 ವರ್ಷ, ಬಿಪಿ ಇದೆ. ಐದು ತಿಂಗಳಲ್ಲಿ ಮೂರು ಸಲ ನಡುರಾತ್ರಿ ಹೆಬ್ಬೆರಳ ಬುಡ ಊದಿಕೊಂಡು, ಹೊದಿಕೆ ತಾಗಿದರೂ ಚೀರುವಂತಾಗಿ, ತುರ್ತು ವಿಭಾಗಕ್ಕೆ ಕರೆತಂದೆವು. ಪ್ರತಿ ಸಲವೂ ಇಂಜೆಕ್ಷನ್ ಕೊಟ್ಟು, ಐದು ದಿನದ ನೋವಿನ ಮಾತ್ರೆ ಡೈಕ್ಲೋಫೆನಾಕ್ ಬರೆದು ಕಳುಹಿಸಿದರು. ಕಳೆದ ಸಲ ಯೂರಿಕ್ ಆ್ಯಸಿಡ್ 5.8 ಇದ್ದುದರಿಂದ ಗೌಟ್ ಅಲ್ಲವೆಂದರು. ಮೂತ್ರಪಿಂಡದ ಕೆಲಸ ಅಳೆಯುವ ಕ್ರಿಯಾಟಿನಿನ್ 1.9 ಇದೆ.

ವೈದ್ಯೆ: ಹೆಬ್ಬೆರಳಿಗಿಂತ ಆ 1.9 ನನ್ನನ್ನು ಹೆಚ್ಚು ಕಾಡುತ್ತಿದೆ. ಮೂತ್ರಪಿಂಡ ಸೋತಿರುವಾಗ ಡೈಕ್ಲೋಫೆನಾಕ್ ನುಂಗಿಸಬಾರದು, ಇಂದೇ ನಿಲ್ಲಿಸಿ. ನೋವು ಉಲ್ಬಣಿಸಿರುವಾಗ ಯೂರಿಕ್ ಆ್ಯಸಿಡ್ ಸಹಜ ಮಟ್ಟದಲ್ಲೇ ಕಾಣಿಸಬಹುದಾದ್ದರಿಂದ, ನೋವು ಇಳಿದು ಎರಡು ವಾರವಾದ ಮೇಲೆ ಮತ್ತೆ ಪರೀಕ್ಷಿಸಬೇಕು. ಗೌಟ್ ಎಂದು ಖಚಿತವಾದರೆ ಯೂರಿಕ್ ಆ್ಯಸಿಡ್ ಇಳಿಸುವ ಅಲೋಪ್ಯುರಿನಾಲ್ ಮಾತ್ರೆಯನ್ನು 50 ಮಿಲಿಗ್ರಾಂನಿಂದ ಆರಂಭಿಸಿ, ಯೂರಿಕ್ ಆ್ಯಸಿಡ್ 6ಕ್ಕಿಂತ ಕೆಳಗಿಳಿಯುವವರೆಗೆ ಕೆಲವು ವಾರಗಳಿಗೊಮ್ಮೆ ಹೆಚ್ಚಿಸುತ್ತ ಹೋಗುವುದು ಪದ್ಧತಿ. ಬಿಪಿ ಮಾತ್ರೆಯಲ್ಲಿ ಹೈಡ್ರೋಕ್ಲೋರೋಥಯಾಜೈಡ್ ಇದೆಯೇ ನೋಡಿ; ಅದು ಯೂರಿಕ್ ಆ್ಯಸಿಡನ್ನು ಏರಿಸುತ್ತದೆ, ಆದರೆ ನೀವೇ ನಿಲ್ಲಿಸಬೇಡಿ. ಮೂರು ಚೀಟಿಗಳನ್ನು ಮೂವರು ಬರೆದಿದ್ದಾರೆ, ಮೂರನ್ನೂ ಒಟ್ಟಿಗೆ ಓದಿದವರು ಒಬ್ಬರೂ ಇಲ್ಲ. ಒಂದೇ ಕಡತದಲ್ಲಿಟ್ಟು ಒಬ್ಬ ಫಿಜಿಷಿಯನ್‌ಗೆ ತೋರಿಸಿ.

ಜಗಳೂರಿನ ಸದಸ್ಯರು: ಬೇಳೆ, ಟೊಮೆಟೊ ಬಿಡಬೇಕೇ?

ವೈದ್ಯೆ: ಬೇಳೆ ಬಿಡಬೇಕಿಲ್ಲ. ಟೊಮೆಟೊ ತಿಂದಾಗ ನಿಮಗೇ ತೊಂದರೆ ಕಂಡಿದ್ದರೆ ಬಿಡಿ. ಬಿಯರ್, ಕುರಿಯ ಲಿವರ್ ಬಿಡಿ.

ಚನ್ನಗಿರಿಯ ಸದಸ್ಯರು: ಬೇಳೆ ಸಾರು ತಿನ್ನಬಹುದೇ?

ವೈದ್ಯೆ: ಮೇಲೆ ಓದಿ.

ಹೊನ್ನಾಳಿಯ ಸದಸ್ಯರು: ಖಾಲಿ ಹೊಟ್ಟೆಗೆ ನಿಂಬೆರಸ, ಅಡುಗೆ ಸೋಡಾ ಏಳು ದಿನ ಕುಡಿದರೆ ಗೌಟ್ ಬುಡಸಹಿತ ಹೋಗುತ್ತದೆ. (ಫಾರ್ವರ್ಡ್)

ವೈದ್ಯೆ: ಅಡುಗೆ ಸೋಡಾ ಎಂದರೆ ಸೋಡಿಯಂ. ಬಿಪಿ, ಮೂತ್ರಪಿಂಡದ ತೊಂದರೆ ಇರುವವರು ಅದನ್ನು ಕುಡಿದು ಊದಿಕೊಂಡು ಬಂದುದನ್ನು ನಾನು ನೋಡಿದ್ದೇನೆ. ಇಂಥದ್ದನ್ನು ಮೂರನೆಯ ಸಲ ಹಾಕಿದ್ದೀರಿ.

ಹೊನ್ನಾಳಿಯ ಸದಸ್ಯರು: ನಮ್ಮ ಅಜ್ಜನವರಿಗೆ ಇದರಿಂದಲೇ ವಾಸಿಯಾಯಿತು. ಮಾತ್ರೆ ಮಾರುವವರಿಗೆ ಇದು ಹಿಡಿಸುವುದಿಲ್ಲ.

ಜಗಳೂರಿನ ಸದಸ್ಯರು: ಗೌಟ್ ನೋವು ಒಂದೆರಡು ವಾರದಲ್ಲಿ ತಾನಾಗಿಯೇ ಇಳಿಯುತ್ತದೆ. ಸೋಡಾ ಕುಡಿಯದಿದ್ದರೂ ನಿಮ್ಮ ಅಜ್ಜ ಎದ್ದು ಓಡಾಡುತ್ತಿದ್ದರು.

ಹೊನ್ನಾಳಿಯ ಸದಸ್ಯರು: ನಿಮ್ಮನ್ನು ಕೇಳಲಿಲ್ಲ.

ಹೊಳಲ್ಕೆರೆಯ ಸದಸ್ಯರು: ಅಲೋಪ್ಯುರಿನಾಲ್ ಶುರುಮಾಡಿದ ತಿಂಗಳಲ್ಲೇ ಮತ್ತೆ ನೋವು ಬಂತು, ಬಿಟ್ಟುಬಿಟ್ಟೆ.

ವೈದ್ಯೆ: ಆ ಮಾತ್ರೆ ಶುರುಮಾಡಿದ ಹೊಸತರಲ್ಲಿ ನೋವು ಮರುಕಳಿಸಬಹುದು, ಅದಕ್ಕೇ ಮೊದಲ ಮೂರರಿಂದ ಆರು ತಿಂಗಳು ಜೊತೆಗೆ ಅದನ್ನು ತಡೆಯುವ ಕಾಲ್ಚಿಸಿನ್ ಮಾತ್ರೆಯನ್ನು ಸಣ್ಣ ಪ್ರಮಾಣದಲ್ಲಿ ಕೊಡುತ್ತೇವೆ. ನೋವು ಬಂದಿತೆಂದು ಬಿಡಬಾರದು. ಮೈಮೇಲೆ ದದ್ದು ಎದ್ದರೆ ಮಾತ್ರ ಆ ಕ್ಷಣವೇ ನಿಲ್ಲಿಸಿ, ಅಂದೇ ವೈದ್ಯರನ್ನು ಕಾಣಬೇಕು.

ಚನ್ನಗಿರಿಯ ಸದಸ್ಯರು: ಈ ಪರೀಕ್ಷೆಗಳಿಗೆ ಆಯುಷ್ಮಾನ್ ಕಾರ್ಡ್ ನಡೆಯುತ್ತದೆಯೇ? ಮೊಸರು ತಿನ್ನಬಹುದೇ?

ಹರಿಹರದ ಸದಸ್ಯರು: ಮೇಡಂ, ತಂದೆಯವರಿಗೆ ಈಗ ಮಂಡಿ ಊದಿದೆ, ಜ್ವರ 102, ಚಳಿ ಬರುತ್ತಿದೆ. ನಾಳೆ ಬೆಳಿಗ್ಗೆ ಬರಲೇ?

ವೈದ್ಯೆ: ಈಗಲೇ ಹೊರಡಿ. ಕೀಲಿನಲ್ಲಿ ಕೀವಾಗಿರಬಹುದು, ನೀರು ತೆಗೆದು ಪರೀಕ್ಷಿಸದೆ ಗೌಟ್ ಎಂದು ಇಂಜೆಕ್ಷನ್ ಕೊಟ್ಟು ಕಳುಹಿಸಲು ಬಿಡಬೇಡಿ. ಮೂರೂ ಚೀಟಿಗಳು ಕೈಯಲ್ಲಿರಲಿ.