ಲ್ಯಾಬ್‌ನಲ್ಲಿ ಓಡಿದ ಸಿ ಪ್ರೋಗ್ರಾಂ ಮನೆಯ ಉಬುಂಟುವಿನಲ್ಲಿ ಯಾಕೆ ಓಡುತ್ತಿಲ್ಲ?

ಮದ್ದೂರ್ ಪ್ಯಾಸೆಂಜರ್:

ಎಲ್ಲರಿಗೂ ನಮಸ್ಕಾರ. ಮಂಡ್ಯದಲ್ಲಿ ಡಿಪ್ಲೊಮಾ ಎರಡನೇ ವರ್ಷ ಓದುತ್ತಿದ್ದೇನೆ. ಲ್ಯಾಬ್‌ನಲ್ಲಿ ವಿಂಡೋಸ್, ಅದರ ಮೇಲೆ ಕೋಡ್ ಬರೆದು ಓಡಿಸುವ ಕೋಡ್‌ಬ್ಲಾಕ್ಸ್. ಎಫ್9 ಒತ್ತಿದರೆ ಕಪ್ಪು ಕಿಟಕಿ ತೆರೆದು ಉತ್ತರ ಬರುತ್ತದೆ, ಅಷ್ಟೇ ನಮಗೆ ಗೊತ್ತು. ಮನೆಯಲ್ಲಿ ಮಾವ ಕೊಟ್ಟ ಹಳೇ ಲ್ಯಾಪ್‌ಟಾಪಿಗೆ ಉಬುಂಟು ಲಿನಕ್ಸ್ ಹಾಕಿಕೊಂಡಿದ್ದೇನೆ.

ಅವಿಭಾಜ್ಯ ಸಂಖ್ಯೆ ಕಂಡುಹಿಡಿಯುವ ಪ್ರೋಗ್ರಾಂ. ಎನ್ ಅನ್ನುವ ಸಂಖ್ಯೆಯನ್ನು ಸ್ಕ್ಯಾನ್‌ಎಫ್‌ನಲ್ಲಿ ಕೀಬೋರ್ಡಿನಿಂದ ತೆಗೆದುಕೊಂಡು, ವರ್ಗಮೂಲ ತೆಗೆಯುವ ಎಸ್‌ಕ್ಯೂಆರ್‌ಟಿ ಫಂಕ್ಷನ್‌ಗೆ ಕೊಡುತ್ತೇನೆ. ಲ್ಯಾಬ್‌ನಲ್ಲಿ ಸಲೀಸಾಗಿ ಓಡಿತು. ಮನೆಯಲ್ಲಿ ಕಂಪೈಲ್ ಮಾಡಲು ಜಿಸಿಸಿ ಅನ್ನುವ ಕಮಾಂಡ್ ಕೊಟ್ಟರೆ "ಅನ್‌ಡಿಫೈನ್ಡ್ ರೆಫರೆನ್ಸ್ ಟು ಎಸ್‌ಕ್ಯೂಆರ್‌ಟಿ" ಅನ್ನುತ್ತದೆ. ಅದರ ಕೆಳಗೆ "ಕಲೆಕ್ಟ್2: ಎರರ್: ಎಲ್‌ಡಿ ರಿಟರ್ನ್ಡ್ 1 ಎಕ್ಸಿಟ್ ಸ್ಟೇಟಸ್". ಮ್ಯಾಥ್ ಹೆಡರ್ ಇನ್‌ಕ್ಲೂಡ್ ಮಾಡಿದ್ದೇನೆ, ಸ್ಪೆಲ್ಲಿಂಗೂ ಸರಿ ಇದೆ.

ತಲೆ ಕೆಟ್ಟಿದ್ದು ಇದಕ್ಕಲ್ಲ. ಎನ್ ತೆಗೆದು ಸುಮ್ನೆ 25.0 ಅಂತ ಬರೆದು ನೋಡಿದೆ. ಓಡಿಬಿಟ್ಟಿತು! ಅದೇ ಫಂಕ್ಷನ್, ಅದೇ ಹೆಡರ್. ಒಂದು ಸಲ ಸಿಗುತ್ತದೆ, ಇನ್ನೊಂದು ಸಲ ಸಿಗುವುದಿಲ್ಲ ಅಂದರೆ ಏನರ್ಥ?

ಹೆಬ್ಬಾಳದ ಅಕ್ಕ:

ಒಳ್ಳೆ ಪ್ರಶ್ನೆ ತಮ್ಮ. 25 ಹಾಕಿ ನೋಡಿದ್ದೀಯಲ್ಲ, ಅದು ಇನ್ನೂ ಒಳ್ಳೆಯದು.

ಎರರ್ ಬಂದರೆ ಏನಂತು ಅನ್ನುವುದಕ್ಕಿಂತ ಮೊದಲು ಯಾರು ಅಂದರು ಅಂತ ನೋಡು. ನಿನ್ನ ಎರಡನೇ ಸಾಲಿನಲ್ಲೇ ಹೆಸರಿದೆ: ಎಲ್‌ಡಿ. ಅದು ಲಿಂಕರ್, ಅಂದರೆ ಕೋಡಿನ ತುಂಡುಗಳನ್ನು ಜೋಡಿಸುವ ಪ್ರೋಗ್ರಾಂ. ನಿನ್ನ ಸಿ ಕೋಡ್ ಓದುವುದು ಅದರ ಕೆಲಸವೇ ಅಲ್ಲ. ಓದುವವರು ಓದಿ, ಸರಿ ಇದೆ ಅಂತ ಒಪ್ಪಿ, ಮುಂದಕ್ಕೆ ಕಳಿಸಿ ಆಗಿದೆ.

ಜಿಸಿಸಿ ಅನ್ನುವುದು ಮೇಸ್ತ್ರಿ ಇದ್ದ ಹಾಗೆ, ಕೆಲಸ ಮಾಡುವವರು ಬೇರೆ. ಅದೇ ಕಮಾಂಡಿಗೆ ಮೈನಸ್ ವಿ ಸೇರಿಸಿ ಕೊಡು. ಪರದೆ ತುಂಬ ಏನೇನೋ ಬರುತ್ತದೆ, ಹೆದರಬೇಡ. ಅದರಲ್ಲಿ ಮೂರು ಹೆಸರು ಹುಡುಕು: ಸಿಸಿ1, ಎಎಸ್, ಕಲೆಕ್ಟ್2. ಸಿಸಿ1 ನಿನ್ನ ಸಿ ಅನ್ನು ಅಸೆಂಬ್ಲಿಗೆ, ಅಂದರೆ ಪ್ರೊಸೆಸರ್ ಆದೇಶಗಳನ್ನು ಅಕ್ಷರದಲ್ಲಿ ಬರೆದ ರೂಪಕ್ಕೆ, ಇಳಿಸುತ್ತದೆ. ಹ್ಯಾಷ್‌ನಿಂದ ಶುರುವಾಗುವ ಸಾಲುಗಳನ್ನು ಬಿಡಿಸುವ ಪ್ರೀಪ್ರೊಸೆಸರ್ ಕೆಲಸವೂ ಈಗ ಅದರ ಹೊಟ್ಟೆಯಲ್ಲೇ ಇದೆ. ಎಎಸ್ ಆ ಅಸೆಂಬ್ಲಿಯನ್ನು ಮಷೀನ್ ಕೋಡ್ ಮಾಡಿ ಆಬ್ಜೆಕ್ಟ್ ಫೈಲಿಗೆ ತುಂಬುತ್ತದೆ. ಕಲೆಕ್ಟ್2 ಹೋಗಿ ಎಲ್‌ಡಿಯನ್ನು ಕರೆಯುತ್ತದೆ. ಎಲ್‌ಡಿ ಎಲ್ಲವನ್ನೂ ಜೋಡಿಸಿ ಓಡುವ ಫೈಲ್ ಕೊಡುತ್ತದೆ. ಇಷ್ಟೂ ಒಂದು ಎಂಟರ್ ಒತ್ತುವುದರೊಳಗೆ ಆಗಿಹೋಗುವುದರಿಂದ ಎಲ್ಲವೂ ಒಂದೇ ಅನಿಸುತ್ತದೆ. ಎಫ್9 ಆ ಒಂದು ಎಂಟರನ್ನೂ ಮುಚ್ಚಿಡುತ್ತದೆ.

ಈಗ ಮೈನಸ್ ಸೇವ್-ಟೆಂಪ್ಸ್ ಕೊಟ್ಟು ಇನ್ನೊಮ್ಮೆ ಕಂಪೈಲ್ ಮಾಡು. ನಡುವಿನ ಫೈಲುಗಳನ್ನು ಅಳಿಸದೆ ಅಲ್ಲೇ ಬಿಡುತ್ತದೆ. ಮೊದಲು ಪ್ರೀಪ್ರೊಸೆಸರ್ ಬಿಡಿಸಿಟ್ಟ ಡಾಟ್ ಐ ಫೈಲ್ ತೆರೆ. ನಿನ್ನ ಇಪ್ಪತ್ತೋ ಮೂವತ್ತೋ ಸಾಲು ನೂರಾರು ಸಾಲಾಗಿ ಕೂತಿರುತ್ತದೆ, ನೀನು ಬರೆದದ್ದು ಕೊನೆಯಲ್ಲಿ ಇಷ್ಟೇ ಇಷ್ಟು. ಮೇಲೆ ಎಲ್ಲೋ ಎಸ್‌ಕ್ಯೂಆರ್‌ಟಿ ಸಿಗುತ್ತದೆ. ಆದರೆ ಏನು? ಒಂದು ಡಬಲ್ (ದಶಾಂಶ ಸಂಖ್ಯೆ) ತೆಗೆದುಕೊಂಡು ಒಂದು ಡಬಲ್ ಕೊಡುವ ಫಂಕ್ಷನ್ ಎಲ್ಲೋ ಇದೆ ಅಂತ ಒಂದು ಸಾಲು. ವರ್ಗಮೂಲ ತೆಗೆಯುವ ಕೋಡ್ ಅಲ್ಲಿಲ್ಲ. ಹೆಡರ್ ಕೊಡುವುದು ಬರೀ ಮಾತು.

ಆಮೇಲೆ ಡಾಟ್ ಓ, ಅಂದರೆ ಆಬ್ಜೆಕ್ಟ್ ಫೈಲಿನ ಮೇಲೆ ಎನ್‌ಎಂ ಅನ್ನುವ ಕಮಾಂಡ್ ಓಡಿಸು. ಮೇನ್ ಪಕ್ಕ ಟಿ ಅಂತ ಇರುತ್ತದೆ, ಅಂದರೆ ಅದರ ಕೋಡ್ ಈ ಫೈಲಿನಲ್ಲೇ ಇದೆ. ಪ್ರಿಂಟ್‌ಎಫ್, ಎಸ್‌ಕ್ಯೂಆರ್‌ಟಿ ಪಕ್ಕ ಯು, ಅಂದರೆ ಇಲ್ಲಿಲ್ಲ, ಬೇರೆ ಎಲ್ಲಿಂದಾದರೂ ತರಬೇಕು. ಇನ್ನೂ ಒಳಗೆ ನೋಡಬೇಕೆಂದರೆ ಆಬ್ಜ್‌ಡಂಪ್ ಮೈನಸ್ ಡಿ ಕೊಡು. ಫಂಕ್ಷನ್ ಕರೆಯುವ ಜಾಗದಲ್ಲಿ "ಇ8 00 00 00 00" ಅಂತ ಇರುತ್ತದೆ. ಇ8 ಅಂದರೆ ಕಾಲ್. ಎಲ್ಲಿಗೆ ಅನ್ನುವ ನಾಲ್ಕು ಬೈಟ್ ಖಾಲಿ ಬಿಟ್ಟಿದೆ. ಆ ಸೊನ್ನೆಗಳನ್ನು ತುಂಬುವುದೇ ಲಿಂಕರ್ ಕೆಲಸ. ನಿನ್ನ ಕೇಸಿನಲ್ಲಿ ತುಂಬಲು ಹೋಗಿ, ಎಸ್‌ಕ್ಯೂಆರ್‌ಟಿ ಎಲ್ಲೂ ಸಿಗದೆ ಕೈಚೆಲ್ಲಿದೆ.

ಯಾಕೆ ಸಿಗಲಿಲ್ಲ? ಪ್ರಿಂಟ್‌ಎಫ್ ಇರುವ ಲಿಬ್‌ಸಿ ಅನ್ನುವ ಲೈಬ್ರರಿಯನ್ನು (ಸಿದ್ಧ ಫಂಕ್ಷನ್‌ಗಳ ಸಂಗ್ರಹ) ಜಿಸಿಸಿ ತಾನಾಗಿಯೇ ಸೇರಿಸುತ್ತದೆ. ಲಿನಕ್ಸ್‌ನಲ್ಲಿ ಗಣಿತದ ಫಂಕ್ಷನ್‌ಗಳು ಲಿಬ್‌ಎಂ ಅನ್ನುವ ಬೇರೆ ಲೈಬ್ರರಿಯಲ್ಲಿವೆ. ಅದನ್ನು ನೀನೇ ಕೇಳಬೇಕು: ಮೈನಸ್ ಎಲ್‌ಎಂ. ಇದು ಯುನಿಕ್ಸ್ ಕಾಲದ ಹಳೇ ಪದ್ಧತಿ. ಲಿನಕ್ಸಿನ ಸಿ ಲೈಬ್ರರಿ ಗ್ಲಿಬ್‌ಸಿಯ 2021ರಲ್ಲಿ ಬಂದ 2.34 ಆವೃತ್ತಿಯಲ್ಲಿ ಥ್ರೆಡ್ ಲೈಬ್ರರಿಯನ್ನು ಲಿಬ್‌ಸಿ ಒಳಗೇ ಸೇರಿಸಿಬಿಟ್ಟರು, ಆದರೆ ಲಿಬ್‌ಎಂ ಮಾತ್ರ ಬೇರೆ ಸಂಸಾರವಾಗಿಯೇ ಉಳಿಯಿತು. ಕೋಡ್‌ಬ್ಲಾಕ್ಸ್ ಜೊತೆ ಬರುವ ಮಿನ್‌ಜಿಡಬ್ಲ್ಯೂ ಅನ್ನುವ ವಿಂಡೋಸ್ ಜಿಸಿಸಿಯಲ್ಲಿ ಗಣಿತವೂ ವಿಂಡೋಸಿನ ಸಿ ಲೈಬ್ರರಿಯಲ್ಲೇ ಇದೆ. ಅದಕ್ಕೇ ಲ್ಯಾಬ್‌ನಲ್ಲಿ ಯಾರೂ ಕೇಳಲಿಲ್ಲ.

ಇನ್ನು 25ರ ಕಥೆ. ಆ ಪ್ರೋಗ್ರಾಮಿನ ಡಾಟ್ ಎಸ್, ಅಂದರೆ ಅಸೆಂಬ್ಲಿ ಫೈಲ್ ತೆರೆದು ಎಸ್‌ಕ್ಯೂಆರ್‌ಟಿ ಹುಡುಕು. ಇರುವುದೇ ಇಲ್ಲ! ಅದರ ಬದಲು ಲಾಂಗ್ 0, ಲಾಂಗ್ 1075052544 ಅಂತ ಎರಡು ಸಾಲು ಕಾಣುತ್ತದೆ. ಅದು 5.0 ಅನ್ನು ಡಬಲ್ ರೂಪದಲ್ಲಿ ಬರೆದದ್ದು. 25 ಎಂದೂ ಬದಲಾಗದು ಅಂತ ಸಿಸಿ1ಗೆ ಗೊತ್ತು, ಹಾಗಾಗಿ ಕಂಪೈಲ್ ಮಾಡುವಾಗಲೇ ವರ್ಗಮೂಲ ತೆಗೆದು 5 ಇಟ್ಟುಬಿಟ್ಟಿತು. ಕರೆಯುವ ಫಂಕ್ಷನ್ನೇ ಇಲ್ಲದ ಮೇಲೆ ಲಿಂಕರ್ ಯಾಕೆ ಹುಡುಕುತ್ತದೆ? ಎನ್ ಬೆಲೆ ನೀನು ಕೀಬೋರ್ಡಿನಲ್ಲಿ ಒತ್ತುವವರೆಗೆ ಯಾರಿಗೂ ಗೊತ್ತಿಲ್ಲ, ಅಲ್ಲಿ ಕರೆಯಲೇಬೇಕು.

ಕಾವೇರಿ ನಾಲೆ:

ಪೈಥಾನ್ ಕಲಿ ಗುರು. ಕಂಪೈಲೂ ಇಲ್ಲ, ಲಿಂಕೂ ಇಲ್ಲ. 2 ಸಾಲಿನಲ್ಲಿ ಮುಗೀತು.

ಹೆಬ್ಬಾಳದ ಅಕ್ಕ:

ಆ ಪೈಥಾನನ್ನು ಸಿಯಲ್ಲಿ ಬರೆದು, ಕಂಪೈಲ್ ಮಾಡಿ, ಲಿಬ್‌ಎಂ ಸೇರಿಸಿ ನಿಮ್ಮ ಕೈಗೆ ಕೊಟ್ಟಿದ್ದಾರೆ. ಬೇರೆಯವರು ಅಡುಗೆ ಮಾಡಿದರೆ ಹೊಗೆ ಕಾಣುವುದಿಲ್ಲ ಅಷ್ಟೇ. ನಿಮ್ಮ ಫೋಲ್ಡರಿನಲ್ಲಿ ಪೈಕ್ಯಾಷ್ ಅಂತ ಒಂದು ಇದೆಯಲ್ಲ, ಒಳಗೆ ನೋಡಿದ್ದೀರಾ? ಇಂಪೋರ್ಟ್ ಮಾಡಿದ ಫೈಲುಗಳನ್ನು ಪೈಥಾನ್ ಬೈಟ್‌ಕೋಡ್‌ಗೆ, ಅಂದರೆ ತಾನು ಓಡಿಸುವ ನಡುವಿನ ರೂಪಕ್ಕೆ, ಕಂಪೈಲ್ ಮಾಡಿ ಅಲ್ಲಿಟ್ಟಿರುತ್ತದೆ.

ಕುವೆಂಪುನಗರ ಮೇಷ್ಟ್ರು:

ಅಕ್ಕನವರು ಹೇಳಿದ್ದೆಲ್ಲ ಸರಿ. ಆದರೆ ಎಫ್9 ಬಗ್ಗೆ ಅಷ್ಟು ಕೋಪ ಬೇಡ. ಫಾರ್ ಲೂಪ್ ಇನ್ನೂ ಅರ್ಥವಾಗದ ಮಕ್ಕಳಿಗೆ ಆಬ್ಜೆಕ್ಟ್ ಫೈಲ್ ತೋರಿಸಿದರೆ ಮುಂದಿನ ವಾರ ಕ್ಲಾಸಿಗೇ ಬರುವುದಿಲ್ಲ. ಪಾಠ ಮಾಡಿದವರಿಗೆ ಗೊತ್ತು.

ಒಂದು ವಿಷಯ ಸೇರಿಸುತ್ತೇನೆ. 1952ರಲ್ಲಿ ಗ್ರೇಸ್ ಹಾಪರ್ ಯೂನಿವ್ಯಾಕ್ ಕಂಪ್ಯೂಟರಿಗಾಗಿ ಮಾಡಿದ ಎ-0 ಅನ್ನು ಮೊದಲ ಕಂಪೈಲರ್ ಅಂತ ನಾವು ಬೋರ್ಡಿನ ಮೇಲೆ ಬರೆಯುತ್ತೇವೆ. ಅದು ಮಾಡುತ್ತಿದ್ದ ಕೆಲಸ ನೋಡಿದರೆ, ಟೇಪಿನಲ್ಲಿದ್ದ ಸಿದ್ಧ ಸಬ್‌ರೂಟೀನ್‌ಗಳನ್ನು (ಸಣ್ಣ ಪ್ರೋಗ್ರಾಂ ತುಂಡುಗಳನ್ನು) ಅವುಗಳ ನಂಬರ್ ಹಿಡಿದು ಹುಡುಕಿ, ತಂದು, ಜೋಡಿಸುವುದು. ಇವತ್ತಿನ ಲೆಕ್ಕದಲ್ಲಿ ಅದು ಲಿಂಕರ್ ಮತ್ತು ಲೋಡರ್‌ಗೆ ಹತ್ತಿರ. ಸೂತ್ರ ಬರೆದರೆ ಮಷೀನ್ ಕೋಡ್ ಮಾಡಿಕೊಡುವ ದೊಡ್ಡ ಕೆಲಸವನ್ನು ಜಾನ್ ಬ್ಯಾಕಸ್ ತಂಡ ಐಬಿಎಂ 704ಕ್ಕಾಗಿ ಫೋರ್ಟ್ರಾನ್‌ನಲ್ಲಿ ಮಾಡಿ 1957ರಲ್ಲಿ ಕೊಟ್ಟಿತು. ಹುಡುಗನಿಗೆ ಕಾಟ ಕೊಟ್ಟ ಲಿಂಕಿಂಗ್ ಕೆಲಸವೇ ಹಿರಿಯದು ಅಂತಾಯಿತು.

ಹೆಬ್ಬಾಳದ ಅಕ್ಕ:

ಮೇಷ್ಟ್ರೇ, ಮೊದಲ ವಾರದಲ್ಲಿ ಬೇಡ, ಒಪ್ಪಿದೆ. ಆದರೆ ಎರಡನೇ ವರ್ಷದಲ್ಲಾದರೂ ಒಂದು ಗಂಟೆ ಬೇಕು. ನಮ್ಮಲ್ಲಿ ಪಂಪ್‌ಸೆಟ್ ಸ್ಟಾರ್ಟರ್ ಪ್ಯಾನೆಲ್‌ಗೆ ಬೋರ್ಡ್ ಮಾಡುತ್ತೇವೆ. ಚಿಪ್‌ನಲ್ಲಿ ಪ್ರೋಗ್ರಾಂ ಇಡಲು ಇರುವುದು 64 ಕೆಬಿ ಫ್ಲ್ಯಾಶ್ ಮೆಮೊರಿ. ಹೊಸದಾಗಿ ಸೇರಿದ ಹುಡುಗರು ಪ್ರಿಂಟ್‌ಎಫ್‌ನಲ್ಲಿ ದಶಾಂಶ ತೋರಿಸಲು ಹೋಗುತ್ತಾರೆ, ಅದರ ಹಿಂದೆ ಲೈಬ್ರರಿಯ ಅರ್ಧ ದಿಬ್ಬಣ ಬರುತ್ತದೆ. "ರೀಜನ್ ಫ್ಲ್ಯಾಶ್ ಓವರ್‌ಫ್ಲೋಡ್", ಅಂದರೆ ಜಾಗ ಸಾಲದು, ಅಂತ ಲಿಂಕರ್ ನಿಲ್ಲಿಸುತ್ತದೆ. ಅವರು ಸಿ ಫೈಲಿನಲ್ಲಿ ಸೆಮಿಕೋಲನ್ ಹುಡುಕುತ್ತಾ ಕೂತಿರುತ್ತಾರೆ.

ಮದ್ದೂರ್ ಪ್ಯಾಸೆಂಜರ್:

ಅಕ್ಕ, ಆ 1075052544 ನಿಜವಾಗಲೂ ಬಂತು! ಆದರೆ ಜಿಸಿಸಿ ಮೈನಸ್ ಎಲ್‌ಎಂ ಪ್ರೈಮ್ ಡಾಟ್ ಸಿ ಅಂತ ಕೊಟ್ಟೆ, ಮತ್ತೆ ಅದೇ ಎರರ್. ಇನ್ನೊಂದು, 25 ಹಾಕಿದ್ದರ ಎ ಡಾಟ್ ಔಟ್ ಫೈಲನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಹೋಗಿ ಲ್ಯಾಬ್‌ನಲ್ಲಿ ಓಡಿಸಬಹುದಾ? ನಾಳೆ ಸರ್‌ಗೆ ತೋರಿಸಬೇಕು.

ಹೆಬ್ಬಾಳದ ಅಕ್ಕ:

ಮೈನಸ್ ಎಲ್‌ಎಂ ಕೊನೆಗೆ ಹಾಕು. ಲಿಂಕರ್ ಎಡದಿಂದ ಬಲಕ್ಕೆ ಓದುತ್ತದೆ. ನೀನು ಮೊದಲೇ ಲಿಬ್‌ಎಂ ಕೊಟ್ಟಾಗ ಅದರಿಂದ ಏನೂ ಬೇಕು ಅಂತ ಇನ್ನೂ ಯಾರೂ ಕೇಳಿರಲಿಲ್ಲ. ಬೇಡದ ಲೈಬ್ರರಿಯನ್ನು ಬಿಟ್ಟುಬಿಡು ಅಂತ ಉಬುಂಟು ಮೊದಲೇ ಹೇಳಿಟ್ಟಿರುತ್ತದೆ, ಬಿಟ್ಟಿತು. ಆಮೇಲೆ ನಿನ್ನ ಫೈಲ್ ಬಂದು ಕೇಳಿದಾಗ ಕೈಯಲ್ಲಿ ಏನೂ ಇಲ್ಲ. ಮೊದಲು ಕೇಳುವವರು, ಆಮೇಲೆ ಕೊಡುವವರು. ಈ ಕ್ರಮ ನೆನಪಿಟ್ಟುಕೋ.

ಪೆನ್‌ಡ್ರೈವ್ ಕೆಲಸ ಆಗದು. ಪ್ರೊಸೆಸರ್ ಒಂದೇ ಆದರೂ ಫೈಲಿನ ಕಟ್ಟಡ ಬೇರೆ. ಎ ಡಾಟ್ ಔಟ್ ತೆರೆದು ನೋಡಿದರೆ ಮೊದಲ ಬೈಟ್ 7ಎಫ್, ಆಮೇಲೆ ಇ, ಎಲ್, ಎಫ್ ಅನ್ನುವ ಮೂರು ಅಕ್ಷರ. ವಿಂಡೋಸಿನ ಇಎಕ್ಸ್‌ಇ ಎಂ, ಝೆಡ್ ಅಂತ ಶುರುವಾಗುತ್ತದೆ. ಲೈಬ್ರರಿಗಳೂ ಬೇರೆ, ಕರ್ನಲ್‌ಗೆ ಕೇಳುವ ರೀತಿಯೂ ಬೇರೆ. ಡಾಟ್ ಸಿ ಫೈಲ್ ತೆಗೆದುಕೊಂಡು ಹೋಗಿ ಅಲ್ಲೇ ಕಂಪೈಲ್ ಮಾಡು. ಸರ್ ಪುರುಸೊತ್ತಾಗಿದ್ದರೆ ಡಾಟ್ ಎಸ್ ಫೈಲನ್ನೂ ತೋರಿಸು, ಅದನ್ನು ನೋಟ್‌ಪ್ಯಾಡಿನಲ್ಲೇ ತೆರೆಯಬಹುದು.